ಕೇಳುವವರಿಗೆ ಎಷ್ಟು ಗೊತ್ತು?

ಇಂಗ್ಲಿಷಿನ ನಾಮಪದದ ಮುಂದೆ ‘ಎ’ ಬರಬೇಕೋ ‘ದಿ’ ಬರಬೇಕೋ, ಏನೂ ಬೇಡವೋ ಎಂದು ತೂಗಿನೋಡುವುದು ನನಗೆ ಬಲು ಪ್ರಿಯವಾದ ಕೆಲಸ. ವ್ಯಾಕರಣದ ಪಾಠಗಳಲ್ಲಿ ಇದು ನಾಮಪದದ ಗುಣವೆಂಬಂತೆ ಬರುತ್ತದೆ: ನದಿಗೆ ‘ದಿ’ ಬೇಕು, ಊರಿಗೆ ಬೇಡ. ಆದರೆ ನಾಮಪದವನ್ನು ಎಷ್ಟು ದಿಟ್ಟಿಸಿದರೂ ಬಹಳ ಸಲ ಉತ್ತರ ಸಿಗುವುದಿಲ್ಲ. ಅದಿರುವುದು ಕೇಳುವವರ ಮನಸ್ಸಿನಲ್ಲಿ. ಮದುವೆಯೊಂದರ ಸುದ್ದಿ ಹೇಳುವಾಗ ವಧುವಿನ ಪ್ರಸ್ತಾಪ ಮೊದಲ ಸಲ ಬಂದರೂ ‘ದಿ ಬ್ರೈಡ್’ ಎನ್ನುತ್ತೇವೆ. ಮದುವೆಯೆಂದ ಮೇಲೆ ವಧು ಇದ್ದೇ ಇರುತ್ತಾಳೆ, ಒಬ್ಬಳೇ ಇರುತ್ತಾಳೆ, ಕೇಳುವವರಿಗೂ ಅದು ಗೊತ್ತು. ಅಲ್ಲಿಗೆ ಬಂದ ನೆಂಟರೊಬ್ಬರು ಮಾತ್ರ ‘ಎ ಗೆಸ್ಟ್’. ಯಾರೆಂದು ಇನ್ನೂ ತಿಳಿಯಬೇಕು. ಇಷ್ಟು ಚಿಕ್ಕ ಪದದ ಮೇಲೆ ಎಷ್ಟು ಭಾರ ಬೀಳಬಹುದೆಂಬುದಕ್ಕೆ 1969ರಲ್ಲಿ ಚಂದ್ರನ ಮೇಲೆ ಕಾಲಿಟ್ಟ ನೀಲ್ ಆರ್ಮ್‌ಸ್ಟ್ರಾಂಗ್ ಅವರ ಮಾತೇ ಸಾಕ್ಷಿ: ‘ದಟ್ಸ್ ಒನ್ ಸ್ಮಾಲ್ ಸ್ಟೆಪ್ ಫಾರ್ (ಎ) ಮ್ಯಾನ್, ಒನ್ ಜಯಂಟ್ ಲೀಪ್ ಫಾರ್ ಮ್ಯಾನ್‌ಕೈಂಡ್’. ‘ಮ್ಯಾನ್’ ಮುಂದೆ ‘ಎ’ ಇದ್ದರೆ ಅದು ಒಬ್ಬ ಮನುಷ್ಯನ ಪುಟ್ಟ ಹೆಜ್ಜೆ. ಇಲ್ಲದಿದ್ದರೆ ಮನುಕುಲವೆಂದೇ ಅರ್ಥವಾಗಿ, ವಾಕ್ಯದ ಉತ್ತರಾರ್ಧದ ಮನುಕುಲದೊಂದಿಗೆ ಅದಕ್ಕೆ ಭೇದವೇ ಉಳಿಯುವುದಿಲ್ಲ. ಧ್ವನಿಮುದ್ರಣದಲ್ಲಿ ಆ ‘ಎ’ ಸ್ಪಷ್ಟವಾಗಿ ಕೇಳಿಸದು. ತಮ್ಮ ಉದ್ದೇಶದಲ್ಲಿ ಅದು ಇತ್ತೆಂದು ಅವರು ಹೇಳುತ್ತಿದ್ದರು.

‘ಎ’, ‘ದಿ’ಗಳಂಥ ಆರ್ಟಿಕಲ್ ಇಲ್ಲದೆಯೇ ಕನ್ನಡ, ರಷ್ಯನ್ ಭಾಷೆಗಳು ಚೆನ್ನಾಗಿ ನಡೆದಿವೆಯಲ್ಲ, ಇದು ಅನಗತ್ಯ ಹೊರೆಯಲ್ಲವೇ ಎಂದು ಕೇಳಬಹುದು. ನಾವೂ ಈ ಭೇದವನ್ನು ಬಿಟ್ಟಿಲ್ಲ, ಬೇರೆ ಕಡೆ ಇರಿಸಿಕೊಂಡಿದ್ದೇವೆ. ‘ಹುಡುಗಿ ಪುಸ್ತಕ ತಂದಳು’ ಎಂದರೆ ಯಾವುದೋ ಪುಸ್ತಕ ಇರಬಹುದು. ‘ಪುಸ್ತಕವನ್ನು ತಂದಳು’ ಎಂದಾಗ ಸಾಮಾನ್ಯವಾಗಿ ಗೊತ್ತಿರುವ ಒಂದು ಪುಸ್ತಕದ ಕಡೆಗೆ ಮನಸ್ಸು ಹೋಗುತ್ತದೆ. ಕತೆಯಲ್ಲಿ ‘ಒಬ್ಬ ರಾಜ’ನಾಗಿ ಬಂದವನು ಮರುವಾಕ್ಯದಲ್ಲಿ ‘ಆ ರಾಜ’ನಾಗುತ್ತಾನೆ. ಇಂಗ್ಲಿಷಿನ ‘ಎ’ ಹುಟ್ಟಿದ್ದೂ ಒಂದು ಎಂಬರ್ಥದ ಹಳೆಯ ಪದದಿಂದಲೇ. ನಮ್ಮಲ್ಲಿ ವಿಭಕ್ತಿಯೂ ಸಂದರ್ಭವೂ ಹಂಚಿಕೊಳ್ಳುವ ಕೆಲಸವನ್ನು, ವಿಭಕ್ತಿಗಳನ್ನು ಬಹುಮಟ್ಟಿಗೆ ಕಳೆದುಕೊಂಡ ಇಂಗ್ಲಿಷಿನಲ್ಲಿ ಈ ಪುಟ್ಟ ಪದಗಳು ಹೊತ್ತಿವೆ.

ಇನ್ನೊಂದು ಆಕ್ಷೇಪ ಹೆಚ್ಚು ಗಟ್ಟಿಯಾದದ್ದು: ಎಷ್ಟೋ ಬಳಕೆಗಳು ಬರೀ ರೂಢಿ, ತರ್ಕವಲ್ಲ. ಇದನ್ನು ಅರ್ಧ ಒಪ್ಪಲೇಬೇಕು. ಗಂಗೆಗೆ ‘ದಿ’ ಸಿಕ್ಕಿ ಎವರೆಸ್ಟಿಗೆ ಸಿಗದಿರುವುದನ್ನು ಕೇಳುಗರ ತಿಳಿವಳಿಕೆಯಿಂದ ವಿವರಿಸಲಾಗದು. ರೋಗಿಯಾಗಿ ದಾಖಲಾದವರನ್ನು ಬ್ರಿಟಿಷರು ‘ಇನ್ ಹಾಸ್ಪಿಟಲ್’ ಎಂದರೆ ಅಮೆರಿಕನ್ನರು ‘ಇನ್ ದಿ ಹಾಸ್ಪಿಟಲ್’ ಎನ್ನುತ್ತಾರೆ. ಆದರೂ ಆ ರೂಢಿಯೊಳಗೂ ಒಂದು ವಿವೇಕವಿದೆ. ‘ದಿ’ ಬಿಟ್ಟಾಗ ಕಟ್ಟಡ ಹಿಂದೆ ಸರಿದು, ಆ ಸಂಸ್ಥೆಯೊಂದಿಗೆ ವ್ಯಕ್ತಿಗಿರುವ ಸಂಬಂಧ ಮುಂದೆ ಬರುತ್ತದೆ. ಎರಡೂ ದೇಶಗಳಲ್ಲಿ ಶಿಕ್ಷೆ ಅನುಭವಿಸುವವನು ‘ಇನ್ ಪ್ರಿಸನ್’. ಅವನನ್ನು ಕಾಣಲು ಬರುವ ವಕೀಲರಿಗೆ ಮಾತ್ರ ಅದು ‘ದಿ ಪ್ರಿಸನ್’.