ಹಾಡು ಅಳಿಸುವ ಮುಂಚೆ ಬಿಲ್ಲು ನೋಡಿದೆವು

ನಮ್ಮ ಬ್ಲಾಗಿನ ಹಾಡು, ಫೋಟೊ, ಬರಹ ಎಲ್ಲ ಎಲ್ಲಿ ಇಟ್ಟಿರುತ್ತೀರಿ ಎಂದು ಕೆಲವರು ಕೇಳುತ್ತೀರಿ. ಮೋಡದಲ್ಲಿ ಅಂದರೆ ನಗುತ್ತೀರಿ. ಕ್ಲೌಡ್ ಅಂದರೆ ದೊಡ್ಡ ಕಂಪನಿಯ ಕಂಪ್ಯೂಟರನ್ನು ಬಾಡಿಗೆಗೆ ಹಿಡಿಯುವುದು, ಊರಲ್ಲಿ ಟ್ರ್ಯಾಕ್ಟರನ್ನು ಗಂಟೆ ಲೆಕ್ಕದಲ್ಲಿ ಕರೆಸುತ್ತೇವಲ್ಲ, ಹಾಗೆ. ನಾವು ಹಿಡಿದಿರುವುದು ಅಮೆಜಾನ್‌ನದು. ನಮ್ಮ ಕಡತಗಳು ಅದರ ಮುಂಬೈ ಕೇಂದ್ರದಲ್ಲಿವೆ.

ಖಾತೆಗಳು ಮೂರು. ಒಂದು ಬ್ಲಾಗಿಗೆ. ಇನ್ನೊಂದು, ಅಜ್ಜಿಯರ ಹತ್ತಿರ ಕೂತು ರೆಕಾರ್ಡ್ ಮಾಡಿಕೊಂಡ ಬೀಸುವ ಪದ, ಸೋಬಾನೆ ಪದಗಳಿಗೆ. ಮೂರನೆಯದನ್ನು ತೆರೆದವನು ನಮ್ಮ ಗೆಳೆಯ. ಹಾಡನ್ನು ಕಂಪ್ಯೂಟರಿನಿಂದಲೇ ಬರಹಕ್ಕೆ ಇಳಿಸಿ ನೋಡುತ್ತೇನೆ ಎಂದಿದ್ದ, ಆಮೇಲೆ ನೌಕರಿ ಸಿಕ್ಕಿ ಬೆಂಗಳೂರಿಗೆ ಹೋದ. ಮೂರನ್ನೂ ಒಂದೇ ಸಂಸ್ಥೆಯ ಅಡಿ ಸೇರಿಸಿದ್ದರಿಂದ ಬಿಲ್ಲು ಒಂದೇ. ಮುಖ್ಯ ಖಾತೆಗೆ ಬರುತ್ತದೆ, ಹಣವೂ ಅಲ್ಲಿಂದಲೇ ಕಟ್ಟಬೇಕು. ಕೂಡು ಕುಟುಂಬದ ಕಿರಾಣಿ ಬಾಕಿ ಇದ್ದಂತೆ: ಉಣ್ಣುವವರು ಹತ್ತು ಮಂದಿ, ಅಂಗಡಿ ಪುಸ್ತಕದಲ್ಲಿ ಹೆಸರು ಒಬ್ಬರದು.

ಆ ಹೆಸರು ನಮ್ಮ ಗೆಳತಿಯೊಬ್ಬಳದು, ಕಾರ್ಡೂ ಅವಳದೇ. ತಿಂಗಳಿಗೆ ಸುಮಾರು 700 ರೂಪಾಯಿ ಬರುತ್ತಿತ್ತು, ಹಂಚಿಕೊಳ್ಳುತ್ತಿದ್ದೆವು. ಒಂದು ತಿಂಗಳು ಏಕಾಏಕಿ 3,300 ಬಂತು. ಮುಂದಿನ ತಿಂಗಳೂ ಇಳಿಯಲಿಲ್ಲ. ಅವಳು ಅಂಚೆ ಕಚೇರಿಯ ಆರ್‌ಡಿಗೆ ಎತ್ತಿಟ್ಟ ದುಡ್ಡನ್ನು ಇದಕ್ಕೆ ಕಟ್ಟಿದ್ದಳೆಂಬುದು ನಮಗೆ ಗೊತ್ತಾದದ್ದು ತಡವಾಗಿ.

ಎಲ್ಲರ ಕಣ್ಣೂ ಹಾಡಿನ ಮೇಲೆ ಬಿತ್ತು. "40 ಜಿಬಿ ಐತಿ. ಅದೇ ಭಾರ ಆಗೇತಿ, ಹಳೇವು ತೆಗೆದುಬಿಡೂಣು" ಎಂದ ನಮ್ಮಲ್ಲೊಬ್ಬ. ಯಾರೂ ಬೇಡ ಅನ್ನಲಿಲ್ಲ. ಹಾಡಿದವರಲ್ಲಿ ಇಬ್ಬರು ಅಜ್ಜಿಯರು ಈಗಿಲ್ಲ. ಅದು ಗೊತ್ತಿದ್ದೂ ಸುಮ್ಮನೆ ಕೂತಿದ್ದೆವು. ಇವತ್ತಿಗೂ ನೆನೆದರೆ ನಾಚಿಕೆ ಆಗುತ್ತದೆ.

ಗೆಳತಿ ಮಾತ್ರ, "ಕರೆಂಟ್ ಬಿಲ್ಲಿಗೆ ಆರ್‌ಆರ್ ನಂಬರ್ ಇರ್ತದ. ಇದಕ್ಕೂ ಮೀಟರ್ ಬ್ಯಾರೆ ಬ್ಯಾರೆ ಇರಬೇಕಲ್ಲ?" ಅಂದಳು. ಇತ್ತು. ಮುಖ್ಯ ಖಾತೆಯಲ್ಲಿ ಕಾಸ್ಟ್ ಎಕ್ಸ್‌ಪ್ಲೋರರ್ ಎಂಬ ಪುಟವಿದೆ. ಅದರಲ್ಲಿ ಖರ್ಚನ್ನು ಖಾತೆವಾರು ಬೇರೆ ಮಾಡಿ ನೋಡಬಹುದು. ನಾವು ಒಂದು ಸಲವೂ ತೆರೆದಿರಲಿಲ್ಲ.

ತೆರೆದರೆ, ಹಾಡಿನ ಖಾತೆಯ ಖರ್ಚು ಸುಮಾರು 100 ರೂಪಾಯಿ! ಅಲ್ಲಿ ಒಂದು ಜಿಬಿ ಇಡಲು ತಿಂಗಳಿಗೆ ಎರಡೂವರೆ ಸೆಂಟ್. 40 ಜಿಬಿಗೆ ಒಂದು ಡಾಲರ್, ಮೇಲೆ ಶೇ. 18 ಜಿಎಸ್‌ಟಿ. ಬ್ಲಾಗಿಗೆ 600. ಉಳಿದ 2,600 ಪೂರ್ತಿ ಪ್ರಯೋಗದ ಖಾತೆಯದು.

ಗೆಳೆಯನಿಗೆ ಫೋನ್ ಹಚ್ಚಿದೆವು. ದನಿ ಸ್ವಲ್ಪ ಏರಿತ್ತು ಅಂತಲೇ ಹೇಳಬೇಕು. "ಮಷೀನ್ ಬಂದ್ ಮಾಡೇ ಹೋಗೇನಿ" ಎಂದ. ಸುಳ್ಳಲ್ಲ, ಎರಡೂ ಮಷೀನು ಬಂದ್ ಇದ್ದವು. ಆದರೆ ಮಷೀನು ನಿಂತರೆ ಅದರ ಬಾಡಿಗೆ ಮಾತ್ರ ನಿಲ್ಲುತ್ತದೆ, ಅದಕ್ಕೆ ಜೋಡಿಸಿದ ಡಿಸ್ಕಿನದು ನಿಲ್ಲುವುದಿಲ್ಲ. ಮನೆಗೆ ಬೀಗ ಹಾಕಿ ಊರಿಗೆ ಹೋದರೂ ಮೀಟರಿನ ನಿಗದಿತ ಶುಲ್ಕ ಬರುತ್ತದಲ್ಲ. 100 ಜಿಬಿಯ ಎರಡು ಡಿಸ್ಕು, ಹಿಡಿದಿಟ್ಟ ಎರಡು ಐಪಿ ವಿಳಾಸ ಹಾಗೇ ಇದ್ದವು. ಈ ವಿಳಾಸಕ್ಕೆ ಬಳಸಲಿ ಬಿಡಲಿ ಗಂಟೆಗೆ ಅರ್ಧ ಸೆಂಟ್. ಬಳಕೆಯಲ್ಲಿರುವ ವಿಳಾಸಕ್ಕೂ 2024ರ ಫೆಬ್ರವರಿಯಿಂದ ದುಡ್ಡು ಬಿದ್ದಿದೆ. ಅರ್ಧ ಸೆಂಟ್ ಅಂದರೆ ಏನು ಮಹಾ ಅನಿಸುತ್ತದೆ, ತಿಂಗಳಿಗೆ ಗುಣಿಸಿದರೆ ಒಂದೊಂದಕ್ಕೂ ಮೂರೂವರೆ ಡಾಲರ್ ದಾಟುತ್ತದೆ.

ಅವನ ಎದುರಿಗೇ, ಅಂದರೆ ಫೋನಿನಲ್ಲೇ, ಬೇಕಾದ ಕಡತ ಇಳಿಸಿಕೊಂಡು ಡಿಸ್ಕು ಅಳಿಸಿ, ವಿಳಾಸ ಬಿಟ್ಟುಕೊಟ್ಟೆವು.

ಈಗ ಹೊಸದೇನು ತೆರೆದರೂ ಟ್ಯಾಗ್ ಎಂಬ ಚೀಟಿ ಅಂಟಿಸುತ್ತೇವೆ: ಯಾರದು, ಯಾವ ಕೆಲಸಕ್ಕೆ ಎಂದು. ಅದನ್ನು ಮುಖ್ಯ ಖಾತೆಯ ಬಿಲ್ಲಿಂಗ್ ಪುಟದಲ್ಲಿ ಚಾಲೂ ಮಾಡದಿದ್ದರೆ ವರದಿಯಲ್ಲಿ ಕಾಣುವುದಿಲ್ಲ. ಇಂದು ಅಂಟಿಸಿದ ಚೀಟಿ ನಿನ್ನೆಯ ಖರ್ಚಿಗೆ ಅಂಟುವುದೂ ಇಲ್ಲ. ಖಾತೆಗೊಂದು ಮಿತಿ ಇಟ್ಟಿದ್ದೇವೆ. ದಾಟಿದರೆ ಐವರಿಗೂ ಮೇಲ್ ಬರುತ್ತದೆ, ಖರ್ಚು ಮಾತ್ರ ತಾನಾಗಿ ನಿಲ್ಲುವುದಿಲ್ಲ. ಹಾಗಾಗಿ ಒಂದನೇ ತಾರೀಕು ಸರತಿ ಪ್ರಕಾರ ಒಬ್ಬರು ಖಾತೆವಾರು ಪಟ್ಟಿಯನ್ನು ವಾಟ್ಸ್‌ಆ್ಯಪ್ ಗುಂಪಿಗೆ ಹಾಕಬೇಕು. ಅಮೆಜಾನ್ ಲೆಕ್ಕದಲ್ಲಿ ತಿಂಗಳು ಬದಲಾಗುವುದು ನಮ್ಮ ಬೆಳಗಿನ ಐದೂವರೆಗೆ. ಹಾಲು ಹಾಕಿ ಬಂದವರು ನೋಡಿದರಾಯಿತು.

ಗೆಳತಿಯ ಆರ್‌ಡಿ ದುಡ್ಡನ್ನು ಎಲ್ಲರೂ ಸೇರಿ ತುಂಬಿಕೊಟ್ಟೆವು. ಬೆಂಗಳೂರಿನ ಗೆಳೆಯ ತನ್ನ ಪಾಲೆಂದು 2,000 ಕಳಿಸಿದ್ದಾನೆ. ಆ ಖಾತೆಯನ್ನು ನೋಡದೆ ಕೂತವರು ನಾವೂ ಅಲ್ಲವೇ, ಅವನಿಂದ ಅಷ್ಟು ತಗೊಳ್ಳೋದು ಸರಿಯಾ ಎಂದು ಇನ್ನೂ ವಾದ ನಡೆದಿದೆ.