ಕಾರು ಬಂತು, ಕಾರ್ಖಾನೆ ತಡವಾಯಿತು

ಕೊಪ್ಪದವರಾದ ನಮಗೆ ರಸ್ತೆಯೇ ಊರಿನ ಗುರುತು. ಪಿರಿಯಾಪಟ್ಟಣದಿಂದ ಬರುವ ಹೆದ್ದಾರಿ ನಮ್ಮೂರನ್ನು ಹಾದು ಕಾವೇರಿ ದಾಟಿದರೆ ಆಚೆಗೆ ಕುಶಾಲನಗರ. ರಜೆ ಬಂದರೆ ಬೈಲುಕುಪ್ಪೆಯ ಗೋಲ್ಡನ್ ಟೆಂಪಲ್‌ಗೂ ಕೊಡಗಿಗೂ ಹೊರಟ ಕಾರುಗಳ ನಡುವೆ ನಾವು ರಸ್ತೆ ದಾಟುವುದೇ ಕಷ್ಟ. ಮನೆ ಮುಂದೆ ಕಾರು ನಿಂತರೆ ಮರ್ಯಾದೆ ಎಂಬ ನಂಬಿಕೆ ನಮ್ಮಲ್ಲೂ ಬೇರುಬಿಟ್ಟಿದೆ. ಇದು ಎಲ್ಲಿಂದ ಬಂತೆಂದು ಯೋಚಿಸಿದರೆ ಅಮೆರಿಕದವರೆಗೆ ಹೋಗಬೇಕಾಗುತ್ತದೆ.

ಹೆನ್ರಿ ಫೋರ್ಡ್ 1908ರಲ್ಲಿ ಮಾಡೆಲ್ ಟಿ ಹೊರತಂದಾಗ ಕಾರು ಶ್ರೀಮಂತರ ವಸ್ತುವಾಗಿತ್ತು. 1913ರಲ್ಲಿ ಹೈಲ್ಯಾಂಡ್ ಪಾರ್ಕ್ ಕಾರ್ಖಾನೆಯಲ್ಲಿ ಕಾರೇ ಕೆಲಸಗಾರನ ಬಳಿಗೆ ಸಾಗಿ ಬರುವ ಏರ್ಪಾಟಾಯಿತು. ಹನ್ನೆರಡು ಗಂಟೆ ಹಿಡಿಯುತ್ತಿದ್ದ ಜೋಡಣೆ ಸುಮಾರು ಒಂದೂವರೆ ಗಂಟೆಗೆ ಇಳಿಯಿತು. ಮರುವರ್ಷ ದಿನಗೂಲಿ 5 ಡಾಲರ್ ಆಯಿತು. ಅದಕ್ಕೆ ಹಲವು ಷರತ್ತುಗಳಿದ್ದವು, ಕೆಲಸವೂ ಮೈ ಮುರಿಯುವಂಥದ್ದು. ಆದರೂ ಕಾರು ಮಾಡಿದವನೇ ಕಾರು ಕೊಳ್ಳುವ ಕಾಲ ಬಂತು. ಸಿರಿಯಾ, ಲೆಬನಾನ್ ಕಡೆಯಿಂದ ಹೋದ ಮುಸ್ಲಿಮರೂ ಅಲ್ಲಿ ದುಡಿದರು. 1921ರಲ್ಲಿ ಹೈಲ್ಯಾಂಡ್ ಪಾರ್ಕ್‌ನಲ್ಲಿ ಒಂದು ಮಸೀದಿಯೂ ಎದ್ದು ನಿಂತಿತು.

ಜನರಲ್ ಮೋಟಾರ್ಸ್ ಕಂಪನಿ ಇನ್ನೊಂದು ದಾರಿ ಹಿಡಿಯಿತು. 1919ರಲ್ಲಿ ಸಾಲ ಕೊಡಲೆಂದೇ ಒಂದು ಸಂಸ್ಥೆ ತೆರೆಯಿತು. ಮುಂದಿನ ದಶಕದಲ್ಲಿ ವರ್ಷಕ್ಕೊಂದು ಹೊಸ ಮಾದರಿ ತಂದು, ಇದ್ದ ಕಾರು ಹಳತಾಯಿತೆಂಬ ಭಾವನೆ ಹುಟ್ಟಿಸಿತು. ಒಂದು ಪಾಠ ತಯಾರಿಕೆಯದು, ಇನ್ನೊಂದು ಪ್ರದರ್ಶನದ್ದು.

ಮೊದಲ ಪಾಠವನ್ನು ಮೈಸೂರಿಗೆ ತರಲು ಹೊರಟವರು ವಿಶ್ವೇಶ್ವರಯ್ಯನವರು. ಎಪ್ಪತ್ತು ದಾಟಿದ ವಯಸ್ಸಿನಲ್ಲಿ, 1935ರಲ್ಲಿ, ಯುರೋಪ್ ಮತ್ತು ಅಮೆರಿಕಕ್ಕೆ ಹೋಗಿ ಕಾರು ಉದ್ಯಮವನ್ನು ಕಣ್ಣಾರೆ ಕಂಡು ಬಂದರು. ಉದ್ಯಮಿ ವಾಲ್‌ಚಂದ್ ಹೀರಾಚಂದ್ ಬಂಡವಾಳದೊಂದಿಗೆ ಮುಂದೆ ಬಂದರು. ದಿವಾನ್ ಸರ್ ಮಿರ್ಜಾ ಇಸ್ಮಾಯಿಲ್ ಕಾರ್ಖಾನೆ ಬೆಂಗಳೂರಿಗೇ ಬರಲೆಂದು ಬೆಂಬಲಕ್ಕೆ ನಿಂತರು. ಬ್ರಿಟಿಷ್ ಸರ್ಕಾರ ಒಪ್ಪಲಿಲ್ಲ. 1940ರಲ್ಲಿ ಬೆಂಗಳೂರಿಗೆ ವಿಮಾನ ಕಾರ್ಖಾನೆ ಬಂತು, ಕಾರಿನದು ಬರಲಿಲ್ಲ. 1944ರಲ್ಲಿ ವಾಲ್‌ಚಂದ್ ಮುಂಬಯಿಯಲ್ಲಿ ಪ್ರೀಮಿಯರ್ ಆಟೋಮೊಬೈಲ್ಸ್ ಸ್ಥಾಪಿಸಿ, ಅಮೆರಿಕದ ಕ್ರೈಸ್ಲರ್ ಜೊತೆ ಸೇರಿ ಡಾಡ್ಜ್, ಪ್ಲಿಮತ್ ಗಾಡಿಗಳನ್ನು ಹೊರತಂದರು. ಬೆಂಗಳೂರಿನಿಂದ ನಮ್ಮೂರಿಗೆ ಬರುವ ಹಾದಿಯಲ್ಲೇ ಇರುವ ಬಿಡದಿಯಲ್ಲಿ ಜಪಾನಿನ ಟೊಯೊಟಾ ಕಾರುಗಳು ತಯಾರಾಗತೊಡಗಿದ್ದು 1999ರ ಕೊನೆಗೆ.

ಕೊಡಗಿನ ಅಂಚಿನಲ್ಲಿರುವ ನಮಗೆ ಹೆಚ್ಚು ಪರಿಚಿತವಾದದ್ದು ಜೀಪು. ಎರಡನೇ ಮಹಾಯುದ್ಧಕ್ಕಾಗಿ ವಿಲ್ಲೀಸ್ ಮತ್ತು ಫೋರ್ಡ್ ಲಕ್ಷಗಟ್ಟಲೆ ತಯಾರಿಸಿದ ಗಾಡಿ ಅದು. ಅದನ್ನು ಭಾರತದಲ್ಲಿ ಜೋಡಿಸತೊಡಗಿದ ಕಂಪನಿ 1945ರಲ್ಲಿ ಹುಟ್ಟಿದಾಗ ಅದರ ಹೆಸರು ಮಹೀಂದ್ರಾ ಆಂಡ್ ಮೊಹಮ್ಮದ್. ದೇಶ ಒಡೆಯಿತು. ಪಾಲುದಾರ ಗುಲಾಂ ಮೊಹಮ್ಮದ್ ಪಾಕಿಸ್ತಾನದ ಹಣಕಾಸು ಸಚಿವರಾಗಿ ಹೋದರು. 1948ರಲ್ಲಿ ಕಂಪನಿ ಮಹೀಂದ್ರಾ ಆಂಡ್ ಮಹೀಂದ್ರಾ ಆಯಿತು. ಹೆಸರು ಅಳಿದರೂ ಸೇರಿ ಕಟ್ಟಿದ ಅಡಿಪಾಯ ಉಳಿಯಿತು. ಕೆಸರಿನ ದಾರಿಯಲ್ಲಿ ಆಳುಗಳನ್ನೂ ಕಾಫಿ, ಶುಂಠಿ ಮೂಟೆಗಳನ್ನೂ ಹೊತ್ತ ಜೀಪು ಯಾರ ಜಾತಿ ಧರ್ಮವನ್ನೂ ಕೇಳಲಿಲ್ಲ. ಅದನ್ನು ಬಿಚ್ಚಿ ಕಟ್ಟುತ್ತಾ ಎಷ್ಟೋ ಹುಡುಗರು ಗ್ಯಾರೇಜುಗಳಲ್ಲಿ ಕಸುಬು ಕಲಿತು ಮನೆ ನಡೆಸಿದರು.

ಇಂದು ನಮ್ಮ ನಡುವೆ ಗೆದ್ದಿರುವುದು ಎರಡನೇ ಪಾಠ. ಬಡ್ಡಿ ಹರಾಮ್ ಎಂದು ಒಪ್ಪುವ ಮನೆಗಳಲ್ಲೂ ಕಾರಿನ ಕಂತು ನಡೆಯುತ್ತಿದೆ. ನಿಕಾಹ್‌ನಲ್ಲಿ ಮಹರ್ ಕೊಡಬೇಕಾದವನು ಗಂಡು. ಅವನ ಕಡೆಯವರೇ ‘ಹುಡುಗನಿಗೆ ಒಂದು ಕಾರು’ ಎನ್ನುತ್ತಾರೆ. ಹೆಣ್ಣಿನ ತಂದೆ ಸಾಲ ಮಾಡುತ್ತಾನೆ. ವರದಕ್ಷಿಣೆ ಧರ್ಮಕ್ಕೆ ವಿರುದ್ಧ, 1961ರ ಕಾಯ್ದೆಯಂತೆ ಅಪರಾಧವೂ ಹೌದು. ಅದೇ ಮಾತುಕತೆಯಲ್ಲಿ, ಕೈಗೆ ಗ್ರೀಸ್ ಮೆತ್ತಿಕೊಂಡು ದುಡಿಯುವ ಮೆಕ್ಯಾನಿಕ್ ಹುಡುಗನಿಗೆ ಹೆಣ್ಣು ಕೊಡಲು ನಾವು ಹಿಂದೆಮುಂದೆ ನೋಡುತ್ತೇವೆ.

ಮಿರ್ಜಾ ಮತ್ತು ವಿಶ್ವೇಶ್ವರಯ್ಯ ಬಯಸಿದ್ದು ನಮ್ಮ ಮಕ್ಕಳ ಕೈಗೆ ಕೆಲಸ, ಮಾವನ ಮನೆಯಿಂದ ಬರುವ ಕಾರಿನ ಕೀ ಅಲ್ಲ. ಕೀ ಕೇಳುವ ವರನಿಗೆ ಇಲ್ಲವೆನ್ನುವ ಧೈರ್ಯವನ್ನೂ, ಸ್ಪ್ಯಾನರ್ ಹಿಡಿದವನಿಗೆ ಕೊಡಬೇಕಾದ ಗೌರವವನ್ನೂ ನಮ್ಮ ಮೊಹಲ್ಲಾಗಳು ತೋರಿಸಬೇಕಾಗಿದೆ.