ಅಂಜಿಕೆಯ ಜೊತೆ ಸ್ಟ್ಯಾನೆಜ್ ಹತ್ತಿದ್ದು

ಮ್ಯಾಂಚೆಸ್ಟರ್‌ನಿಂದ ಶೆಫೀಲ್ಡ್ ಕಡೆಗೆ ಹೋಗುವ ಪ್ಯಾಸೆಂಜರ್ ರೈಲು ಕೌಬರ್ನ್ ಸುರಂಗಕ್ಕೆ ನುಗ್ಗಿದೊಡನೆ ಕಿಟಕಿಯಲ್ಲಿ ಹೊರಗಿನ ಹಸಿರು ಮಾಯವಾಗಿ ನನ್ನ ಮುಖ ಮೂಡಿತು. ಹಲ್ಲು ಕಚ್ಚಿಕೊಂಡು ಕೂತಿದ್ದೇನೆಂಬುದು ಆಗಲೇ ನನಗೆ ಗೊತ್ತಾದದ್ದು. ಮೂರು ಕಿಲೋಮೀಟರಿಗೂ ಉದ್ದದ ಕತ್ತಲು. ತೊಡೆಯ ಮೇಲಿನ ಚೀಲದೊಳಗೆ ಲೋಹದ ತುಂಡುಗಳು ರೈಲಿನ ಕುಲುಕಾಟಕ್ಕೆ ಕಿಣಿಕಿಣಿ ಎನ್ನುತ್ತಿದ್ದವು. ನಾಲ್ಕು ತಿಂಗಳಿಂದ ಭಾನುವಾರಗಳಂದು ಇದೇ ರೈಲಿನಲ್ಲಿ ಹೋಗಿ, ಅಕ್ಕ ಮೊದಲು ಹತ್ತಿ ಮೇಲಿಂದ ಹಿಡಿದ ಹಗ್ಗದ ಭರವಸೆಯಲ್ಲಿ ಬಂಡೆ ಹತ್ತಿದ್ದೆ. ಸೆಪ್ಟೆಂಬರ್ ಕೊನೆಯ ಈ ಭಾನುವಾರ ನಾನು ಮುಂದೆ ಹೋಗಬೇಕಿತ್ತು, ಹಗ್ಗ ನನ್ನ ಹಿಂದೆ ಬರಬೇಕಿತ್ತು.

ಸುರಂಗ ಮುಗಿದರೆ ಈಡೇಲ್ ಕಣಿವೆ. ಎಡಗಡೆ ಕಿಂಡರ್ ಸ್ಕೌಟ್ ಬೆಟ್ಟ ಮಂಜು ಹೊದ್ದು ಮಲಗಿತ್ತು. 1932ರ ಏಪ್ರಿಲ್ 24ರಂದು ಮ್ಯಾಂಚೆಸ್ಟರ್ ಕಡೆಯ ಕೂಲಿಕಾರ ಹುಡುಗ ಹುಡುಗಿಯರು ನೂರಾರು ಮಂದಿ ಜಮೀನ್ದಾರರ ಕಾವಲನ್ನು ಧಿಕ್ಕರಿಸಿ ಈ ಬೆಟ್ಟ ಹತ್ತಿದರು. ಐವರು ಜೈಲಿಗೆ ಹೋದರು. ಇಲ್ಲಿನ ಬೆಟ್ಟಬಯಲುಗಳೆಲ್ಲ ಆಗ ಗ್ರೌಸ್ ಹಕ್ಕಿಯ ಬೇಟೆಗೆ ಮೀಸಲು. ನಾನು ಹತ್ತಲು ಹೊರಟಿದ್ದ ಸ್ಟ್ಯಾನೆಜ್‌ನಲ್ಲೂ ಕಾವಲುಗಾರರು ಬಂಡೆ ಹತ್ತುವವರನ್ನು ಅಟ್ಟುತ್ತಿದ್ದರಂತೆ. 1951ರಲ್ಲಿ ಈ ಸೀಮೆ ಬ್ರಿಟನ್ನಿನ ಮೊದಲ ರಾಷ್ಟ್ರೀಯ ಉದ್ಯಾನವಾಯಿತು. ಟಿಕೆಟ್ ತೆಗೆದುಕೊಂಡು ಆರಾಮಾಗಿ ಕೂತು ಬರುವ ನನ್ನಂಥವನು ಆ ಹುಡುಗರಿಗೆ ಋಣಿ. ಈಡೇಲ್ ಬಂದಾಗಲೆಲ್ಲ ನಾನು ಎಡಕ್ಕೆ ತಿರುಗಿ ಒಂದು ಕ್ಷಣ ಆ ಬೆಟ್ಟ ನೋಡುತ್ತೇನೆ.

ಹೇದರ್‌ಸೇಜ್ ಸ್ಟೇಷನ್ನಿನಲ್ಲಿ ಅಕ್ಕ ಕಾಯುತ್ತಿದ್ದರು. ಧಾರವಾಡದವರು. ಶೆಫೀಲ್ಡಿಗೆ ಬಂದು ಇಪ್ಪತ್ತು ವರ್ಷವಾಯಿತು, ಬಂಡೆ ಹತ್ತಲು ಶುರು ಮಾಡಿ ಹನ್ನೆರಡು. ಕನ್ನಡದವರ ಯುಗಾದಿ ಊಟದಲ್ಲಿ ಪರಿಚಯವಾದವರು, ಮೊದಲ ದಿನವೇ ನನ್ನನ್ನು ‘ತಮ್ಮಾ’ ಎಂದು ಕರೆದರು.

‘ರಾತ್ರಿ ನಿದ್ದಿ ಬಂತೇನು?’

‘ಇಲ್ಲ ಅಕ್ಕ.’

‘ನನಗೂ ಮೊದಲ್ನೇ ಸಲ ಬಂದಿದ್ದಿಲ್ಲ. ನಡೀ.’

ಊರಿಂದ ಸ್ಟ್ಯಾನೆಜ್‌ಗೆ ಒಂದು ಗಂಟೆಯ ಏರುದಾರಿ. ನಡುವೆ ನಾರ್ತ್ ಲೀಸ್ ಎಂಬ ಕಲ್ಲುಮನೆ ಸಿಗುತ್ತದೆ. ಷಾರ್ಲೆಟ್ ಬ್ರಾಂಟಿ 1845ರಲ್ಲಿ ಹೇದರ್‌ಸೇಜ್‌ನಲ್ಲಿ ತಂಗಿದ್ದಳು, ‘ಜೇನ್ ಐರ್’ ಕಾದಂಬರಿಯ ದೊಡ್ಡಮನೆಗೆ ಇದೇ ಮಾದರಿ ಎನ್ನುತ್ತಾರೆ. ಬೇರೆ ದಿನವಾಗಿದ್ದರೆ ನಿಲ್ಲುತ್ತಿದ್ದೆ. ಕಾಡು ದಾಟಿದೊಡನೆ ಆಕಾಶಕ್ಕೆ ಅಡ್ಡಲಾಗಿ ಕಪ್ಪು ಅಂಚು ಕಾಣಿಸಿತು, ಆಮೇಲೆ ನನಗೆ ಬೇರೇನೂ ಕಾಣಲಿಲ್ಲ.

ಸ್ಟ್ಯಾನೆಜ್ ಒಂದು ಬೆಟ್ಟವಲ್ಲ, ಬೆಟ್ಟದ ತುದಿ ಮುರಿದಂತೆ ನಿಂತಿರುವ ಬಂಡೆಯ ಗೋಡೆ. ಸುಮಾರು ಆರು ಕಿಲೋಮೀಟರ್ ಉದ್ದ, ಎತ್ತರ ಮಾತ್ರ ಬಹುತೇಕ ಕಡೆ 20 ಮೀಟರಿನ ಒಳಗೇ. ಕಲ್ಲಿನ ಹೆಸರು ಗ್ರಿಟ್‌ಸ್ಟೋನ್, ಒರಟು ಹರಳಿನ ಮರಳುಗಲ್ಲು. ಮೂವತ್ತು ಕೋಟಿ ವರ್ಷಕ್ಕೂ ಹಿಂದೆ ದೊಡ್ಡ ನದಿಗಳು ತಂದು ಸುರಿದ ಮರಳು. ‘ನಮ್ಮ ಬಾದಾಮಿ ಕಲ್ಲಿನ ತಂಗಿ ಇದು’ ಎನ್ನುತ್ತಾರೆ ಅಕ್ಕ. ಬಾದಾಮಿಯದು ಇದಕ್ಕಿಂತ ಎಷ್ಟೋ ಹಳೆಯದು, ಬಣ್ಣ ಕೆಂಪು. ಇಲ್ಲಿಯದು ಮಳೆಗೂ ಹಿಂದಿನ ಕಾರ್ಖಾನೆಗಳ ಹೊಗೆಗೂ ಕಪ್ಪಾಗಿದೆ.

ಗೋಡೆಯ ಬುಡದಲ್ಲಿ, ಒಣಗಿದ ಜರೀಗಿಡಗಳ ನಡುವೆ ಬೀಸುಗಲ್ಲುಗಳು ಬಿದ್ದಿವೆ. ಗಿರಣಿಗೆಂದು ಕಟೆದು, ದುಂಡಗೆ ಮಾಡಿ, ನಡುವೆ ತೂತನ್ನೂ ಕೊರೆದು ಮುಗಿಸಿದ ಕಲ್ಲುಗಳು. ಬಿಳಿ ಹಿಟ್ಟಿನ ಆಸೆ ಹೆಚ್ಚಿ, ಹಿಟ್ಟಿನ ಬಣ್ಣ ಕೆಡಿಸುವ ಈ ಕಲ್ಲನ್ನು ಕೊಳ್ಳುವವರು ಇಲ್ಲವಾದಾಗ ಕಲ್ಲುಕುಟಿಗರು ಅಲ್ಲೇ ಬಿಟ್ಟು ಹೋದರು. ನಾನು ಒಂದರ ಮೇಲೆ ಕೂತು ಶೂ ಕಟ್ಟಿಕೊಂಡೆ. ನಮ್ಮಜ್ಜಿ ಬೀಸೋ ಕಲ್ಲು ನುಣುಪಾದಾಗ ಉಳಿಯಲ್ಲಿ ಕುಟ್ಟಿಸಿ ಒರಟು ಮಾಡಿಸುತ್ತಿದ್ದರು, ಅಂಗೈ ಸವರಿ ನೋಡಿ ‘ಈಗ ಕಚ್ಚುತ್ತೆ’ ಅನ್ನುತ್ತಿದ್ದರು. ಈ ಕಲ್ಲೂ ಹಾಗೇ ಕಚ್ಚುತ್ತದೆ. ಚಳಿ ಹೆಚ್ಚಿದಷ್ಟೂ ರಬ್ಬರ್ ಅಟ್ಟೆಗೆ ಹಿಡಿತ ಹೆಚ್ಚು, ಅದಕ್ಕೇ ಇಲ್ಲಿಯವರು ಬಿಸಿಲಿಗಿಂತ ತಣ್ಣನೆಯ ಗಾಳಿಯನ್ನು ಬಯಸುತ್ತಾರೆ.

ಬಾದಾಮಿಯ ಹಲವು ಬಂಡೆಗಳಲ್ಲಿ ಹತ್ತುವವರಿಗೆಂದು ಬೋಲ್ಟ್ ಹೊಡೆದಿದ್ದಾರೆ. ಸ್ಟ್ಯಾನೆಜ್‌ನಲ್ಲಿ ಹಾಗೆ ಮಾಡುವಂತಿಲ್ಲ. ಕಲ್ಲಿಗೆ ಗಾಯ ಮಾಡಬಾರದು, ಹತ್ತುವವನೇ ತನ್ನ ಆಸರೆಯನ್ನು ಬಿರುಕಿನಲ್ಲಿ ಸಿಕ್ಕಿಸುತ್ತ ಹೋಗಬೇಕು, ಹಿಂದೆ ಬರುವವನು ಅವನ್ನೆಲ್ಲ ಬಿಡಿಸಿ ತರಬೇಕು. ಹೀಗೆ ಹತ್ತುವುದಕ್ಕೆ ಇಲ್ಲಿ ಟ್ರ್ಯಾಡ್ ಎನ್ನುತ್ತಾರೆ. ಮೊದಮೊದಲು ಬೆಣಚುಕಲ್ಲನ್ನು ಜೇಬಿನಲ್ಲಿ ಒಯ್ದು, ಬಿರುಕಿಗೆ ಕಚ್ಚಿಸಿ, ಅದರ ಸುತ್ತ ಹಗ್ಗ ಸುತ್ತುತ್ತಿದ್ದರು. ಆಮೇಲೆ ವೇಲ್ಸ್‌ನ ಸ್ನೋಡನ್ ಬೆಟ್ಟದ ರೈಲು ಹಳಿಯ ಪಕ್ಕ ಬಿದ್ದಿದ್ದ ನಟ್ಟುಗಳನ್ನು ಆರಿಸಿ, ದಾರ ಪೋಣಿಸಿ ಅದೇ ಕೆಲಸಕ್ಕೆ ಬಳಸಿದರು. ಈಗ ತಂತಿ ಸೇರಿಸಿದ ಅಲ್ಯೂಮಿನಿಯಂ ತುಂಡುಗಳು ಬಂದಿವೆ, ಹೆಸರು ಮಾತ್ರ ಇವತ್ತಿಗೂ ನಟ್ಟೇ. ನಟ್ಟು ಕೂರದ ಕಡೆಗೆ ಕ್ಯಾಮ್. ಹಿಡಿ ಎಳೆದರೆ ಅದರ ಹಲ್ಲುಗಳು ಮಡಚಿಕೊಳ್ಳುತ್ತವೆ, ಬಿಟ್ಟರೆ ಬಿರುಕಿನ ಎರಡೂ ಗೋಡೆಗೆ ಒತ್ತಿ ನಿಲ್ಲುತ್ತವೆ. ಅಮೆರಿಕದ ರೇ ಜಾರ್ಡಿನ್ ಕಟ್ಟಿದ ಈ ಸಾಧನವನ್ನು 1978ರಲ್ಲಿ ಮಾರುಕಟ್ಟೆಗೆ ತಂದದ್ದು ಇದೇ ಡಾರ್ಬಿಶೈರ್‌ನ ಒಂದು ಕಂಪನಿ. ನಾಲ್ಕು ತಿಂಗಳು ನಾನು ಹತ್ತಿದ್ದಕ್ಕಿಂತ ಹೆಚ್ಚಾಗಿ ನೆಲದ ಮೇಲೆ ನಿಂತು ನಟ್ಟು ಸಿಕ್ಕಿಸಿ, ಅದಕ್ಕೆ ಪಟ್ಟಿ ತೂಗುಹಾಕಿ, ನನ್ನ ಇಡೀ ಭಾರ ಬಿಟ್ಟು ಜಗ್ಗಿ ನೋಡಿದ್ದೇನೆ.

ನನ್ನ ಹೆದರಿಕೆಗೆ ಮೂವತ್ತು ವರ್ಷ ವಯಸ್ಸು. ಹೈಸ್ಕೂಲಿನಲ್ಲಿದ್ದಾಗ ಮಧುಗಿರಿ ಬೆಟ್ಟ ಹತ್ತಲು ಹೋಗಿದ್ದೆವು. ಬರೀ ಬಂಡೆಯಲ್ಲಿ ಕಾಲಿಡುವಷ್ಟು ಕಚ್ಚು ಕೊರೆದ ಕಡಿದಾದ ಜಾಗದಲ್ಲಿ ಕೈ ಕಂಬಿಯನ್ನು ಹಿಡಿದದ್ದು ಬಿಡಲಿಲ್ಲ. ಮೇಲೆ ಹೋಗಲಾರೆ, ಕೆಳಗೆ ಬರಲಾರೆ. ಗೆಳೆಯರು ಮೇಲೆ ಹೋಗಿ ಇಳಿದು ಬರುವವರೆಗೂ ಅಲ್ಲೇ ಇದ್ದೆ. ಆಮೇಲೆ ಯಾರೂ ಅದರ ಬಗ್ಗೆ ಮಾತಾಡಲಿಲ್ಲ. ನಾನೂ ಮಾತಾಡಲಿಲ್ಲ.

ಅಕ್ಕನಿಗೆ ಇದನ್ನು ಹೇಳಿದಾಗ ಅವರು ಕೇಳಿದ್ದು ಒಂದೇ: ‘ಅದು ಅಂಜಿಕಿಯೋ, ದಿಗಿಲೋ?’ ನಾನು ಎರಡೂ ಒಂದೇ ಎಂದುಕೊಂಡಿದ್ದೆ. ಆಮೇಲೆ ತಿಂಗಳುಗಟ್ಟಲೆ ಆ ಎರಡು ಪದಗಳನ್ನು ಇಟ್ಟುಕೊಂಡು ಯೋಚಿಸಿದ್ದೇನೆ. ದಿಗಿಲು ಬೀಳುತ್ತದೆ, ಬಿದ್ದ ಮೇಲೆ ಕಣ್ಣೂ ಕಿವಿಯೂ ಕೆಲಸ ಮಾಡುವುದಿಲ್ಲ. ಅಂಜಿಕೆ ಹಾಗಲ್ಲ. ಹಿರಿಯರಿಗೆ ಅಂಜುತ್ತೇವೆ, ದೇವರಿಗೆ ಅಂಜುತ್ತೇವೆ. ಅದರಲ್ಲಿ ಎದುರಿಗಿರುವುದರ ಕಡೆಗೆ ಗಮನವಿದೆ, ಮರ್ಯಾದೆ ಇದೆ. ಮಧುಗಿರಿಯಲ್ಲಿ ನನಗೆ ಬಿದ್ದದ್ದು ದಿಗಿಲು. ಅದನ್ನು ಅಂಜಿಕೆಯಾಗಿ ಬದಲಿಸಿಕೊಳ್ಳಲು ಬರುತ್ತದೆಯೇ ಎಂದು ತಿಳಿಯಲು ನಾನು ಇಲ್ಲಿಗೆ ಬರುತ್ತಿದ್ದೆ.

ಅಕ್ಕ ಆರಿಸಿದ್ದು 14 ಮೀಟರಿನ ಒಂದು ಬಿರುಕು. ದರ್ಜೆ ‘ಡಿಫಿಕಲ್ಟ್’. ಹತ್ತೊಂಬತ್ತನೆಯ ಶತಮಾನದವರು ಕಷ್ಟ ಎಂದು ಕರೆದದ್ದರ ಮೇಲೆ ತಲೆಮಾರುಗಳು ಇನ್ನೂ ಕಷ್ಟದ ಪದಗಳನ್ನು ಪೇರಿಸುತ್ತ ಹೋದ್ದರಿಂದ ಇವತ್ತು ಅದು ಹೆಚ್ಚುಕಡಿಮೆ ಅತಿ ಸುಲಭದ ದರ್ಜೆ. ಹಗ್ಗದ ಗಂಟನ್ನು ಇಬ್ಬರೂ ಮುಟ್ಟಿ ನೋಡಿದೆವು. ಗಾಳಿಯಲ್ಲಿ ಉದ್ದನೆಯ ಮಾತು ಕೇಳುವುದಿಲ್ಲ, ಅದಕ್ಕೆ ಮೇಲೆ ತಲುಪಿ ಕಟ್ಟಿಕೊಂಡ ಮೇಲೆ ‘ಸೇಫ್’ ಎಂದು ಕೂಗುವುದು ಎಂದಷ್ಟೇ ಒಪ್ಪಂದ.

ಮೊದಲ ಮೂರು ಮೀಟರ್ ಮೆಟ್ಟಿಲಿನಂತಿತ್ತು. ಮೊದಲ ನಟ್ಟು ಚೆನ್ನಾಗಿ ಕೂತಿತು, ಜಗ್ಗಿದರೆ ಇನ್ನಷ್ಟು ಕಚ್ಚಿತು. ಎರಡನೆಯದು ಅರ್ಧ ಮಾತ್ರ ಒಳಗೆ ಹೋಯಿತು, ಒಂದು ಪಕ್ಕ ಹರಳುಗಳ ಮೇಲೆ ನಿಂತಂತೆ ಕಂಡಿತು. ಅದು ನನಗೆ ಹಿಡಿಸಲಿಲ್ಲ. ಅದನ್ನು ಬಿಟ್ಟು ಮೇಲೆ ಹೋಗುತ್ತಿದ್ದಂತೆ ಲೆಕ್ಕ ಶುರುವಾಯಿತು: ಕೊನೆಯ ಆಸರೆಗಿಂತ ಒಂದು ಮೀಟರ್ ಮೇಲಿದ್ದರೆ ಎರಡು ಮೀಟರ್ ಬೀಳುತ್ತೇನೆ, ಹಗ್ಗದ ಹಿಗ್ಗು ಬೇರೆ. ಎರಡು ಮೀಟರ್ ಮೇಲಿದ್ದರೆ ನಾಲ್ಕು. ಈ ಕುಳ್ಳ ಗೋಡೆಯಲ್ಲಿ ನೆಲ ಯಾವಾಗಲೂ ಹತ್ತಿರವೇ.

ಏಳನೆಯ ಮೀಟರಿನಲ್ಲಿ ಎಡಗಾಲು ಹೊಲಿಗೆ ಮಿಷನ್ನಿನ ಪೆಡಲ್ ತುಳಿದಂತೆ ನಡುಗತೊಡಗಿತು. ಬಾಯಿ ಒಣಗಿತು. ಕೆಳಗೆ ಅಕ್ಕ ಏನೋ ಕೂಗಿದರು, ಕೇಳಲಿಲ್ಲ. ಮಧುಗಿರಿಯ ಕಂಬಿಯ ತಣ್ಣನೆ ಅಂಗೈಗೆ ಬಂತು, ಅಷ್ಟು ಸ್ಪಷ್ಟವಾಗಿ. ಎರಡನೆಯ ಸಲ ಕೇಳಿಸಿತು: ‘ಹಿಮ್ಮಡ ಕೆಳಗ ಇಳಸು ತಮ್ಮಾ! ಉಸಿರು ಬಿಡು ಮೊದಲ!’

ಹಿಮ್ಮಡಿ ಇಳಿಸಿದೆ. ನಡುಕ ನಿಂತಿತು. ತುದಿಗಾಲಲ್ಲಿ ನಿಂತು ಮೀನಖಂಡ ದಣಿದಿತ್ತು, ಅಷ್ಟೇ. ಉಸಿರು ಬಿಟ್ಟೆ, ಎಷ್ಟು ಹೊತ್ತಿನಿಂದ ಹಿಡಿದಿದ್ದೆನೋ. ಬಲಗೈಯನ್ನು ಬಿರುಕಿಗೆ ತೂರಿಸಿ, ಹೆಬ್ಬೆರಳನ್ನು ಅಂಗೈಗೆ ಮಡಚಿದೆ. ಕೈ ಒಳಗೇ ದಪ್ಪವಾಗಿ ಸಿಕ್ಕಿಕೊಂಡಿತು. ಹರಳು ಚರ್ಮಕ್ಕೆ ನೆಟ್ಟು ಉರಿಯುತ್ತಿತ್ತು, ಆದರೆ ಬೆರಳಲ್ಲಿ ಹಿಡಿಯುವ ಶ್ರಮವೇ ಇರಲಿಲ್ಲ, ತೋಳು ಸಡಿಲವಾಗಿ ತೂಗುತ್ತಿತ್ತು. ಆಗ ಕಣ್ಣು ತೆರೆದಂತಾಯಿತು. ಬಿರುಕಿನೊಳಗೆ ಒಂದು ಗೇಣು ಆಳದಲ್ಲಿ ಹಸಿರು ಪಾಚಿ, ಪಾಚಿಯ ಮೇಲೆ ಒಂದು ಹನಿ, ಅದರ ಕೆಳಗೆ ಬಿರುಕು ಕಿರಿದಾಗುವ ಜಾಗ. ನಡುವಿನಿಂದ ಏಳನೆಯ ಅಳತೆಯ ನಟ್ಟು ತೆಗೆದು ಅಲ್ಲಿಗಿಳಿಸಿದೆ. ಕಣ್ಣಿಗೆ ಬಹಳ ಚೆಂದ ಕೂತಿತು. ಹಗ್ಗ ಸಿಕ್ಕಿಸಿದಾಗ ಕ್ಲಿಪ್ಪು ಟಕ್ ಎಂದ ಸದ್ದಿಗೆ ಎದೆಯ ಭಾರ ಇಳಿಯಿತು.

ಮೇಲಿನ ಬಯಲಿನಿಂದ ಗ್ರೌಸ್ ಹಕ್ಕಿ ಕೂಗಿತು. ಅದರ ಕೂಗು ಇಂಗ್ಲಿಷರಿಗೆ ‘ಗೋ ಬ್ಯಾಕ್, ಗೋ ಬ್ಯಾಕ್’ ಎಂದು ಕೇಳುತ್ತದೆ. ಅಕ್ಕ ಮೊದಲ ದಿನವೇ ಹೇಳಿದ್ದರು, ಸರಿಯಾಗಿ ಕಿವಿಗೊಟ್ಟರೆ ಅದು ‘ಹೋಗ್ಬಾ, ಹೋಗ್ಬಾ’ ಎನ್ನುತ್ತದೆ ಎಂದು. ಈ ಸಲ ನನಗೂ ಹಾಗೇ ಕೇಳಿಸಿತು.

ಕೊನೆಯ ಐದು ಮೀಟರಿನಲ್ಲೂ ಹೆದರಿಕೆ ಇತ್ತು. ಆದರೆ ಅದೀಗ ಕೇಳುತ್ತಿದ್ದದ್ದು ಸಣ್ಣ ಸಣ್ಣ ಪ್ರಶ್ನೆ: ಈ ಹಿಡಿ ಅಲುಗಾಡುತ್ತದೆಯೇ, ಕಾಲು ಎಲ್ಲಿ, ಮುಂದಿನ ಆಸರೆ ಎಲ್ಲಿ. ಕೇಳಿದ್ದಕ್ಕೆಲ್ಲ ಉತ್ತರ ಕೊಡುತ್ತ ಹೋದೆ. ಅಂಚು ದಾಟಿ ಮೊಣಕೈ ಊರಿದಾಗ ಮುಖಕ್ಕೆ ಗಾಳಿ ಹೊಡೆಯಿತು. ಪಕ್ಕದ ಬಂಡೆಯಲ್ಲಿ ಹಕ್ಕಿಗಳಿಗೆ ಮಳೆನೀರು ನಿಲ್ಲಲೆಂದು ಹಿಂದಿನ ಕಾವಲುಗಾರರು ಕೊರೆಸಿದ ಪುಟ್ಟ ಬೋಗುಣಿ, ಪಕ್ಕದಲ್ಲೇ ಕೆತ್ತಿದ ಅಂಕಿ. ನೀರಿನಲ್ಲಿ ಮೋಡ. ಎರಡು ಬಂಡೆಗಳ ಸಂದಿಯಲ್ಲಿ ಮೂರು ಆಸರೆ ಹೂಡಿ, ಕಟ್ಟಿಕೊಂಡು, ಎರಡು ಸಲ ನೋಡಿ, ಕೂಗಿದೆ: ‘ಸೇಫ್!’

ಈಗ ಹಗ್ಗ ನನ್ನ ಕೈಯಲ್ಲಿತ್ತು, ಅಕ್ಕನ ಭಾರ ನನ್ನ ಹೊಣೆ. ಅಕ್ಕ ನಾನು ಸಿಕ್ಕಿಸಿದ ನಟ್ಟುಗಳನ್ನು ಒಂದೊಂದೇ ಬಿಡಿಸುತ್ತ, ಪ್ರತಿಯೊಂದರ ಬಗ್ಗೆಯೂ ಮೇಲಕ್ಕೆ ವರದಿ ಕಳಿಸುತ್ತ ಬಂದರು. ಮೊದಲನೆಯದು ‘ಚಲೋ ಅದ’. ಎರಡನೆಯದರ ಹತ್ತಿರ ನಿಂತೇಬಿಟ್ಟರು. ನನಗೆ ಹಿಡಿಸದಿದ್ದ, ಅರ್ಧ ಮಾತ್ರ ಕೂತಿದ್ದ ಆ ನಟ್ಟು ಬಿಡಿಸುವ ಕೊಕ್ಕೆಗೂ ಜಗ್ಗಲಿಲ್ಲ. ಕೊಕ್ಕೆಯ ತುದಿಯಿಟ್ಟು ಕಲ್ಲಿನಲ್ಲಿ ಕುಟ್ಟಿದರು. ಟಣ್ ಟಣ್ ಸದ್ದು ಗೋಡೆಯುದ್ದಕ್ಕೂ ಹೋಯಿತು. ಐದು ನಿಮಿಷವಾದ ಮೇಲೆ ಬಂತು.

‘ಆನಿ ಕಟ್ಟಬಹುದಿತ್ತು ಇದಕ್ಕ!’

ಆಮೇಲೆ ಏಳನೆಯ ಮೀಟರು. ಹಗ್ಗ ಒಂದು ಗಳಿಗೆ ಅಲುಗಲಿಲ್ಲ. ಅಕ್ಕ ಏನೂ ಕೂಗಲಿಲ್ಲ. ಮೇಲೆ ಬಂದು, ನನ್ನ ಪಕ್ಕ ಕೂತು, ನೀರು ಕುಡಿದು, ಆ ಏಳನೆಯ ಅಳತೆಯ ನಟ್ಟನ್ನು ನನ್ನ ಅಂಗೈಗಿಟ್ಟರು.

‘ಇದು ಎರಡು ಬೆರಳಿಗೇ ಬಂತು ತಮ್ಮಾ. ಪಾಚಿ ಮ್ಯಾಲ ಕುಂತಿತ್ತು.’

ನಾನು ಅದನ್ನು ತಿರುವಿ ನೋಡಿದೆ. ಒಂದು ಮಗ್ಗುಲಿಗೆ ಹಸಿರು ಮೆತ್ತಿತ್ತು, ಇನ್ನೂ ಒದ್ದೆಯಾಗಿತ್ತು. ಹೆಬ್ಬೆರಳಲ್ಲಿ ಒರೆಸಿದೆ. ಕಡೆಯ ರೈಲಿಗೆ ಇನ್ನೂ ಬಹಳ ಹೊತ್ತಿತ್ತು, ಬಿಸಿಲು ಬಿರುಕಿನೊಳಕ್ಕೆ ಇಳಿಯುತ್ತಿತ್ತು.

‘ಮತ್ತೊಮ್ಮೆ ಹತ್ತಲೇನಕ್ಕ, ಅದನ್ನೇ?’

ಅಕ್ಕ ಆಗಲೇ ಹಗ್ಗ ಸುತ್ತತೊಡಗಿದ್ದರು.